ತಾಯಿ ಚಿಟ್ಟೆಯ ಅಂಡನಾಳ ಮತ್ತು ಶಿಡ್ಲಘಟ್ಟದ ರೇಷ್ಮೆ

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳು ರೇಷ್ಮೆಗೂಡನ್ನು ಬೆರಳಲ್ಲಿ ಒತ್ತಿ ನೋಡಿ ಬೆಲೆ ಕಟ್ಟುತ್ತಾರೆ. ಆ ಬೆಲೆಯ ಒಂದು ಪಾಲು ಅದಕ್ಕೂ ಬಹಳ ಮೊದಲೇ, ತಾಯಿ ಚಿಟ್ಟೆಯ ಹೊಟ್ಟೆಯೊಳಗೇ ತೀರ್ಮಾನವಾಗಿರುತ್ತದೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು ಸೀಮೆಯ ರೇಷ್ಮೆಯ ಚರಿತ್ರೆಯನ್ನು ಟಿಪ್ಪು ಸುಲ್ತಾನನಿಂದ ಆರಂಭಿಸುವುದು ವಾಡಿಕೆ. ಅಂಡನಾಳದಿಂದ ಹೊರಟರೆ ಅದರ ಇನ್ನೊಂದು ಮುಖ ಕಾಣುತ್ತದೆ.

ಮನುಷ್ಯರ ಅಂಡನಾಳವನ್ನು ಇಟಲಿಯ ಗೇಬ್ರಿಯೆಲೆ ಫಲೋಪಿಯೊ ವಿವರವಾಗಿ ವರ್ಣಿಸಿದ್ದು 1561ರಲ್ಲಿ. ಅದಾಗಿ 108 ವರ್ಷಕ್ಕೆ, 1669ರಲ್ಲಿ, ಮಾರ್ಚೆಲ್ಲೊ ಮಾಲ್ಪೀಘಿ ರೇಷ್ಮೆಹುಳುವಿನ ಒಳರಚನೆಯ ಬಗ್ಗೆ ಬರೆದ ಗ್ರಂಥವನ್ನು ಲಂಡನ್ನಿನ ರಾಯಲ್ ಸೊಸೈಟಿ ಪ್ರಕಟಿಸಿತು. ಒಂದು ಕೀಟದ ಒಳಗನ್ನು ಸೂಕ್ಷ್ಮದರ್ಶಕ ಹಿಡಿದು ಇಷ್ಟು ಸಮಗ್ರವಾಗಿ ಶೋಧಿಸಿದ ಮೊದಮೊದಲ ಕೃತಿ ಅದು.

ಹೆಣ್ಣು ಚಿಟ್ಟೆಗೆ ಎಡಬಲದಲ್ಲಿ ನಾಲ್ಕು ನಾಲ್ಕರಂತೆ ಎಂಟು ಅಂಡನಳಿಕೆಗಳು. ಒಂದೊಂದರಲ್ಲೂ ಮೊಟ್ಟೆಗಳು ಮಣಿಸರದ ಹಾಗೆ ಸಾಲಾಗಿರುತ್ತವೆ. ಒಂದು ಬದಿಯ ನಾಲ್ಕೂ ಕೂಡಿ ಪಕ್ಕದ ನಾಳ, ಎರಡು ಪಕ್ಕದ ನಾಳಗಳು ಕೂಡಿ ನಡುವಿನ ಒಂದೇ ನಾಳ. ಗಂಡನ್ನು ಕೂಡುವ ದ್ವಾರವೇ ಬೇರೆ, ಮೊಟ್ಟೆ ಇಡುವ ದ್ವಾರವೇ ಬೇರೆ. ಗಂಡಿನಿಂದ ಬಂದ ವೀರ್ಯಾಣುಗಳು ಒಂದು ಚೀಲದಲ್ಲಿ ಕಾದಿರುತ್ತವೆ. ಮೊಟ್ಟೆ ನಡುನಾಳಕ್ಕೆ ಇಳಿದಾಗ ಅದರ ತುದಿಯ ಸೂಕ್ಷ್ಮ ರಂಧ್ರದ ಮೂಲಕ ಒಳಸೇರುತ್ತವೆ. ಹೊರಬೀಳುವ ಮುನ್ನ ಪಕ್ಕದ ಗ್ರಂಥಿಯ ಅಂಟು ಮೊಟ್ಟೆಗೆ ಹತ್ತುತ್ತದೆ. ಹೀಗೆ ಒಂದು ಚಿಟ್ಟೆ 400ರಿಂದ 500 ಮೊಟ್ಟೆ ಇಡಬಲ್ಲದು. ರೈತರು ‘ನೂರು ಮೊಟ್ಟೆ ಸಾಕಿದೆ’ ಎಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆಗಳೆಂದು ತಿಳಿಯಬೇಕು.

ರೇಷ್ಮೆಹುಳುವನ್ನು ಕಾಡುವ ಗಂಟುರೋಗ ಮುಂದಿನ ಪೀಳಿಗೆಗೆ ದಾಟುವುದೂ ಈ ನಳಿಕೆಗಳಿಂದಲೇ. ನೊಸೀಮಾ ಬಾಂಬಿಸಿಸ್ ಎಂಬ ಪರಾವಲಂಬಿ ಅಂಡನಳಿಕೆಯೊಳಗೆ, ಮೊಟ್ಟೆ ಇನ್ನೂ ಬೆಳೆಯುತ್ತಿರುವಾಗಲೇ ಅದರೊಳಕ್ಕೆ ನುಗ್ಗುತ್ತದೆ. ಚಿಪ್ಪಿನ ಹೊರಗನ್ನು ಎಷ್ಟು ತೊಳೆದರೂ ಅದು ಹೋಗದು. ಹುಳು ಹುಟ್ಟುವುದೇ ರೋಗದೊಂದಿಗೆ. 19ನೇ ಶತಮಾನದ ನಡುವಿನಲ್ಲಿ ಫ್ರಾನ್ಸಿನ ರೇಷ್ಮೆ ಉದ್ಯಮ ಈ ರೋಗಕ್ಕೆ ಸಿಕ್ಕಿ ಕುಸಿಯಿತು. 1865ರಲ್ಲಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿನ ಆಲೆ ಪಟ್ಟಣಕ್ಕೆ ಬಂದರು. ಅವರು ಕೊಟ್ಟ ಉಪಾಯ ಬಹಳ ಸರಳ: ಪ್ರತಿ ಚಿಟ್ಟೆಯಿಂದಲೂ ಬೇರೆಬೇರೆಯಾಗಿ ಮೊಟ್ಟೆ ಇಡಿಸುವುದು, ಬಳಿಕ ಆ ತಾಯಿಯನ್ನೇ ಅರೆದು ಸೂಕ್ಷ್ಮದರ್ಶಕದಡಿ ನೋಡುವುದು, ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನು ಸುಡುವುದು. ಅವರ ಗ್ರಂಥ ಹೊರಬಂದದ್ದು 1870ರಲ್ಲಿ.

ಮೈಸೂರು ಸಂಸ್ಥಾನ 20ನೇ ಶತಮಾನದ ಎರಡನೇ ದಶಕದಲ್ಲಿ ರೇಷ್ಮೆಗೆಂದೇ ಇಲಾಖೆ ತೆರೆದ ಮೇಲೆ ರೋಗರಹಿತ ಮೊಟ್ಟೆಯ ಪದ್ಧತಿ ಇಲ್ಲಿ ಬೇರೂರಿತು. ಸರ್ಕಾರದ ಕ್ರಮಗಳಲ್ಲಿ ರೈತನಿಗೆ ಇದಕ್ಕಿಂತ ಹೆಚ್ಚು ನೆರವಾದದ್ದು ಇನ್ನೊಂದಿರಲಾರದು. ಒಂದು ರೋಗಿ ತಾಯಿಯ ಮೊಟ್ಟೆ ಎಳೆಹುಳು ಸಾಕುವ ಚಾಕಿ ಮನೆ ಹೊಕ್ಕರೆ, ಸುತ್ತಲಿನ ಆರೋಗ್ಯವಂತ ಹುಳುಗಳಿಗೂ ಸೊಪ್ಪಿನ ಮೂಲಕ ಸೋಂಕು ಹರಡಿ ಇಡೀ ಬೆಳೆಯೇ ಕೈತಪ್ಪಬಹುದು. 1959ರ ಕರ್ನಾಟಕದ ರೇಷ್ಮೆ ಕಾಯ್ದೆ ಬಿತ್ತನೆ ಮೊಟ್ಟೆಯ ತಯಾರಿಕೆಯನ್ನೂ ಮಾರಾಟವನ್ನೂ ಪರವಾನಗಿಯ ಅಡಿಗೆ ತಂದಿತು. ಈ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ಮೊಟ್ಟೆ ಇಟ್ಟ ಚಿಟ್ಟೆಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅರೆದು, ಸುಮಾರು 600 ಪಟ್ಟು ಹಿಗ್ಗಿಸಿ ಪರೀಕ್ಷಿಸುತ್ತಾರೆ.