ಇರುವೆ ಹರಿದ ಹತ್ತು ತಿಂಗಳು

ನಮ್ಮ ದೊಡ್ಡಪ್ಪ ಅರಣ್ಯ ಇಲಾಖೆಯಲ್ಲಿ ರೇಂಜರ್ ಆಗಿದ್ದವರು. ಸಾಗರದ ಮನೆಯ ಕಪಾಟಿನಲ್ಲಿ ಚಾಂಪಿಯನ್ ಮತ್ತು ಸೇಠ್ ಎಂಬುವರ 1968ರ ದಪ್ಪ ಪುಸ್ತಕವೊಂದಿತ್ತು. ಭಾರತದ ಕಾಡುಗಳನ್ನು ಬಗೆಬಗೆಯಾಗಿ ವಿಂಗಡಿಸಿದ ಗ್ರಂಥ. ದೊಡ್ಡಮ್ಮನಿಗೆ ಅದರ ಮೇಲೆ ಸವತಿಮತ್ಸರ. 1986ರಲ್ಲಿ ದೊಡ್ಡಪ್ಪ ತೀರಿಕೊಂಡ ಮೇಲೆ ಆ ಪುಸ್ತಕದ ಪಕ್ಕದಲ್ಲಿ ಒಂದು ಗಾಜಿನ ಬಾಟಲಿ ಬಂದು ಕೂತಿತು. ಅದರೊಳಗೆ ನಿದ್ದೆಯ ಮಾತ್ರೆ. ಹದಿನೈದು ದಿನಕ್ಕೆಂದು ಬರೆದುಕೊಟ್ಟದ್ದು ಹದಿನೈದು ವರ್ಷ ನಡೆಯಿತು. ಅಂಗಡಿಯಿಂದ ತಂದುಕೊಡುತ್ತಿದ್ದವಳು ನಾನೇ. ಚೀಟಿ ತೋರಿಸೆಂದು ಯಾರೂ ಕೇಳಲಿಲ್ಲ.

ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದ ನಾನು ಈ ಮಾತ್ರೆಗೂ ಒಂದು ಇತಿಹಾಸವಿದೆಯೆಂದು ತಿಳಿದದ್ದು ತಡವಾಗಿ. ಲಿಯೋ ಸ್ಟರ್ನ್‌ಬಾಕ್ ಎಂಬ ಯಹೂದಿ ರಸಾಯನ ವಿಜ್ಞಾನಿ 1941ರಲ್ಲಿ ಯೂರೋಪು ಬಿಟ್ಟು ಅಮೆರಿಕಕ್ಕೆ ಹೋದರು. 1957ರಲ್ಲಿ ಅವರ ಪ್ರಯೋಗಶಾಲೆಯ ಮೇಜು ಗುಡಿಸುವಾಗ ಮೂಲೆಯಲ್ಲಿ ಮರೆತಿದ್ದ ಹರಳುಪುಡಿಯೊಂದು ಸಿಕ್ಕಿತು. (ಮನೆ ಗುಡಿಸುವ ನಮಗೆ ಇಂಥದ್ದೇನೂ ಸಿಗುವುದಿಲ್ಲ.) ಅದು 1960ರಲ್ಲಿ ಲಿಬ್ರಿಯಂ ಆಗಿ ಅಂಗಡಿಗೆ ಬಂತು. 1963ರಲ್ಲಿ ಅದರ ತಂಗಿ ವ್ಯಾಲಿಯಂ, ಅಂದರೆ ಡಯಾಜೆಪಾಂ. 1978ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಇನ್ನೂರು ಕೋಟಿಗೂ ಹೆಚ್ಚು ವ್ಯಾಲಿಯಂ ಮಾತ್ರೆಗಳು ಖರ್ಚಾದವು. ನಮ್ಮಲ್ಲಿ ಅದೇ ಡಯಾಜೆಪಾಂ ಕಾಂಪೋಸ್ ಎಂಬ ಹೆಸರಿನಲ್ಲಿ ಮನೆಮಾತಾಯಿತು.

ನುಂಗಿದವರಲ್ಲಿ ಗಂಡಸರಿಗಿಂತ ಹೆಂಗಸರು ಸುಮಾರು ಎರಡು ಪಾಲು. ವೈದ್ಯರ ಪತ್ರಿಕೆಗಳ ಜಾಹೀರಾತು ನೋಡಿದರೆ ಕಾರಣ ತಿಳಿಯುತ್ತದೆ. 1970ರ ಒಂದರಲ್ಲಿ ಮೂವತ್ತೈದಾದರೂ ಮದುವೆಯಾಗದ ಹೆಣ್ಣಿನ ಹಳೆಯ ಫೋಟೋಗಳು ಸಾಲಾಗಿವೆ. ಮದುವೆಯಾಗದ್ದೇ ಅವಳ ಕಾಯಿಲೆ! ಇನ್ನೊಂದರಲ್ಲಿ ಕಾಲೇಜಿಗೆ ಹೊರಟ ಹುಡುಗಿ. ಪುಸ್ತಕ ಹಿಡಿದರೂ ಮಾತ್ರೆ, ಪೊರಕೆ ಹಿಡಿದರೂ ಮಾತ್ರೆ. ದೊಡ್ಡಮ್ಮನ ದುಃಖವನ್ನೂ ನಾವು ಹಾಗೆಯೇ ಬಾಟಲಿಗೆ ತುಂಬಿದ್ದೆವಲ್ಲ ಎಂದು ನನಗೆ ಚುರುಕ್ಕೆಂದಿತು.

2001ರಲ್ಲಿ ಎಲ್ಲೋ ಅರೆಬರೆ ಓದಿ, ಇದು ಚಟವೆಂದು ನಿರ್ಧರಿಸಿ, ಬಾಟಲಿಯಲ್ಲಿದ್ದುದನ್ನೆಲ್ಲ ಬಚ್ಚಲೊಲೆಗೆ ಸುರಿದೆ. ಐದು ದಿನ ಏನೂ ಆಗಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಆರನೆಯ ರಾತ್ರಿ ದೊಡ್ಡಮ್ಮ ಎದ್ದು ಕೂತರು.

"ಮೈಯೊಳಗೆ ಇರುವೆ ಹರೀತಾ ಇದೆ ಕಣೇ. ಚರ್ಮದ ಮೇಲಲ್ಲ, ಒಳಗೆ."

ಅಂಗಾಲು ಉರಿ, ಬೆರಳುಗಳಲ್ಲಿ ಜೋಮು, ತೊಡೆಯ ಮಾಂಸ ತಾನಾಗಿ ಪಟಪಟ ಅದುರುವುದು. ಲೋಟ ಇಟ್ಟ ಸದ್ದಿಗೂ ಬೆಚ್ಚುತ್ತಿದ್ದರು, ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ನೆರೆಯವರು ನರದೌರ್ಬಲ್ಯವೆಂದರು, ಒಬ್ಬರು ಗಾಳಿ ಸೋಕಿದೆ ಎಂದು ತಾಯಿತ ತಂದರು. ಶಕ್ತಿಯ ಇಂಜೆಕ್ಷನ್ನೂ ಆಯಿತು.

ಕೊನೆಗೆ ಶಿವಮೊಗ್ಗದ ವೈದ್ಯೆಯೊಬ್ಬರು ನನ್ನನ್ನು ಚೆನ್ನಾಗಿ ಬೈದರು. ಹೀಗೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯ ಎಂದರು. ಅವರು ಬಿಡಿಸಿ ಹೇಳಿದ್ದು ಇಷ್ಟು: ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಗಳಿಗೆ ಕಡಿವಾಣ. ಮಾತ್ರೆ ಆ ಕಡಿವಾಣವನ್ನು ಬಿಗಿಹಿಡಿಯುತ್ತದೆ. ವರ್ಷಗಟ್ಟಲೆ ಹೊರಗಿನವರು ಬಿಗಿಹಿಡಿದರೆ ಮಿದುಳು ತನ್ನ ಕೈ ಸಡಿಲಿಸುತ್ತದೆ. ಮಾತ್ರೆ ತಟ್ಟನೆ ಹೋದಾಗ ಎತ್ತುಗಳು ದಿಕ್ಕೆಟ್ಟು ಓಡುತ್ತವೆ. ದೊಡ್ಡಮ್ಮನ ಮಾತ್ರೆ ಮೈಯಿಂದ ನಿಧಾನ ಇಳಿಯುವಂಥದ್ದಾದ್ದರಿಂದ ಐದು ದಿನ ಸುಮ್ಮನಿತ್ತು, ಅಷ್ಟೇ.

ವೈದ್ಯೆಯ ಮೇಜಿನ ಮೇಲೆ ಒಂದು ಕೈಪಿಡಿಯ ನಕಲಿತ್ತು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹೆದರ್ ಆಶ್ಟನ್ ಎಂಬ ಪ್ರೊಫೆಸರ್ 1982ರಿಂದ 1994ರವರೆಗೆ ಇಂಥವರಿಗೆಂದೇ ಚಿಕಿತ್ಸಾಲಯ ನಡೆಸಿ, ಮುನ್ನೂರಕ್ಕೂ ಹೆಚ್ಚು ರೋಗಿಗಳನ್ನು ಕಂಡು, 1999ರಲ್ಲಿ ಬರೆದದ್ದು. ಆಕೆ ಮಾಡಿದ ದೊಡ್ಡ ಕೆಲಸವೆಂದರೆ ರೋಗಿಗಳು ಹೇಳಿದ್ದನ್ನು ನಂಬಿದ್ದು. ಜೋಮು, ಉರಿ, ಅದುರುವಿಕೆ, ಎಲ್ಲವೂ ಅದರಲ್ಲಿತ್ತು. ಓದಿ ಹೇಳಿದಾಗ ದೊಡ್ಡಮ್ಮ ಅತ್ತರು. "ಹಾಗಾದರೆ ನಂಗೆ ಹುಚ್ಚಲ್ಲ ಅಲ್ವೇನೆ?"

ಮೊದಲು ಹಳೆಯ ಪ್ರಮಾಣವನ್ನೇ, ದಿನಕ್ಕೆ ಹತ್ತು ಮಿಲಿಗ್ರಾಂ, ಮತ್ತೆ ಶುರುಮಾಡಿದರು. ಆಮೇಲೆ ವೈದ್ಯೆ ಹೇಳಿದಂತೆ ಎರಡು ವಾರಕ್ಕೊಮ್ಮೆ ಒಂದೊಂದು ಮಿಲಿಗ್ರಾಂ ಕಡಿಮೆ, ಐದಕ್ಕೆ ಬಂದ ಮೇಲೆ ಅರ್ಧರ್ಧ. ಮಾತ್ರೆ ತುಂಡು ಮಾಡಲು ಅಡಕತ್ತರಿ ಹಿಡಿದರೆ ಪುಡಿಯಾಯಿತು, ಬ್ಲೇಡಿಗೆ ಒಗ್ಗಿತು. ಪ್ರತಿ ಇಳಿಕೆಯಲ್ಲೂ ಇರುವೆಗಳು ನಾಲ್ಕಾರು ದಿನ ಬಂದುಹೋಗುತ್ತಿದ್ದವು. ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆವು. ಬಿಸಿನೀರಿನಲ್ಲಿ ಕಾಲಿಟ್ಟು ಕೂರುವುದು, ಸಂಜೆ ಅಂಗಳದಲ್ಲಿ ನಡೆಯುವುದು, ಮಧ್ಯಾಹ್ನದ ಮೇಲೆ ಕಾಫಿ ಬಂದ್. ಈ ಕೊನೆಯದಕ್ಕೇ ಅವರು ಹೆಚ್ಚು ಸಿಡುಕಿದ್ದು. ಕಷ್ಟದ ವಾರಗಳಲ್ಲಿ ಇಳಿಸದೆ ಅಲ್ಲೇ ನಿಂತೆವು. ಹತ್ತು ತಿಂಗಳು ಹಿಡಿಯಿತು. ಎಡಗಾಲಿನ ಹೆಬ್ಬೆರಳ ಜೋಮು ಮಾತ್ರ ಇನ್ನೊಂದು ವರ್ಷ ಉಳಿಯಿತು.

ಅಷ್ಟರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಇವನ್ನು ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬೇಡಿರೆಂದು 1988ರಲ್ಲೇ ಹೇಳಿಯಾಗಿತ್ತು. ನಮ್ಮಲ್ಲಿ 2014ರಿಂದ ಇಂಥ ಮಾತ್ರೆಗಳು ಹೆಚ್-1 ಪಟ್ಟಿಯಲ್ಲಿವೆ. ಅಂಗಡಿಯವರು ಬರೆದುಕೊಟ್ಟವರ, ಕೊಂಡವರ ಹೆಸರನ್ನು ಬೇರೆ ಪುಸ್ತಕದಲ್ಲಿ ನಮೂದಿಸಬೇಕು.

ಹೆದರ್ ಆಶ್ಟನ್ ಹುಟ್ಟಿದ್ದು 1929ರಲ್ಲಿ, ನಮ್ಮ ಡೆಹ್ರಾಡೂನಿನಲ್ಲಿ. ತಂದೆ ಅರಣ್ಯಾಧಿಕಾರಿ ಹ್ಯಾರಿ ಚಾಂಪಿಯನ್, ಕಪಾಟಿನ ಪುಸ್ತಕದವರೇ! ನನಗೆ ತಿಳಿದ ದಿನವೇ ಓಡಿಹೋಗಿ ಹೇಳಿದೆ. ದೊಡ್ಡಮ್ಮ ಪುಸ್ತಕವನ್ನು ತೆಗೆದು ಸೆರಗಿನಿಂದ ಧೂಳು ಒರೆಸಿದರು.

"ಪಾಪ, ಅವಳ ಅಪ್ಪನೂ ಕಾಡಿಂದ ಹೊತ್ತಿಗೆ ಸರಿಯಾಗಿ ಮನೆಗೆ ಬರ್ತಿರಲಿಲ್ಲವೋ ಏನೋ" ಎಂದರು.