ಮಾತಿನ ಗಾಯ ಮತ್ತು ಮನೋವಿಜ್ಞಾನ

ಹುಣಸೆಹಣ್ಣು ಎಂದೊಡನೆ ಬಾಯಲ್ಲಿ ನೀರೂರುತ್ತದೆ. ಹಣ್ಣು ಎದುರಿಗಿಲ್ಲ, ಇರುವುದು ಬರೀ ಶಬ್ದ. ಹಾಗೆಯೇ ‘ನೀನು ಯಾವ ಪ್ರಯೋಜನಕ್ಕೂ ಬಾರದವನು’ ಎಂದು ಬಾಲ್ಯದಲ್ಲಿ ಯಾರೋ ಆಡಿದ ಮಾತು, ಆಡಿದವರು ಇಲ್ಲವಾದ ಮೇಲೂ ಮನುಷ್ಯನನ್ನು ಕಾಡುತ್ತದೆ. ಶಬ್ದಕ್ಕೆ ಈ ಶಕ್ತಿ ಬಂದುದಾದರೂ ಎಲ್ಲಿಂದ?

1957ರಲ್ಲಿ ಅಮೆರಿಕದ ಬಿ.ಎಫ್. ಸ್ಕಿನ್ನರ್, ಮಾತು ಕೂಡ ಒಂದು ನಡವಳಿಕೆ. ಅದು ತನಗೆ ಸಿಗುವ ಫಲದಿಂದಲೇ ರೂಪುಗೊಳ್ಳುತ್ತದೆ ಎಂದು ವಾದಿಸಿದರು. 1959ರಲ್ಲಿ ಭಾಷಾವಿಜ್ಞಾನಿ ನೋಮ್ ಚೋಮ್‌ಸ್ಕಿ ಇದನ್ನು ಕಟುವಾಗಿ ಟೀಕಿಸಿದರು. ಯಾರೂ ಕಲಿಸದ ಹೊಸ ವಾಕ್ಯಗಳನ್ನು ಮಕ್ಕಳು ಹೇಗೆ ಆಡುತ್ತಾರೆ ಎಂಬ ಪ್ರಶ್ನೆ ಉಳಿದೇ ಹೋಯಿತು.

ಇದಕ್ಕೊಂದು ಸುಳಿವು 1971ರಲ್ಲಿ ದೊರೆಯಿತು. ಮರ್ರೆ ಸಿಡ್‌ಮನ್ ಎಂಬ ವಿಜ್ಞಾನಿ, ತೀವ್ರ ಬುದ್ಧಿಮಾಂದ್ಯವಿದ್ದ 17ರ ಹುಡುಗನೊಬ್ಬನಿಗೆ ಕಲಿಸುತ್ತಿದ್ದರು. ಪದ ಕೇಳಿದರೆ ಅದರ ಚಿತ್ರವನ್ನು ತೋರಿಸಬಲ್ಲ ಆತನಿಗೆ ಓದಲು ಬರುತ್ತಿರಲಿಲ್ಲ. ಕೇಳಿದ ಪದಕ್ಕೆ ಸರಿಯಾದ ಮುದ್ರಿತ ಪದವನ್ನು ಆರಿಸುವುದನ್ನಷ್ಟೇ ಕಲಿಸಲಾಯಿತು. ಆದರೆ ಆತ ಮುದ್ರಿತ ಪದವನ್ನು ಚಿತ್ರದೊಂದಿಗೆ ಹೊಂದಿಸತೊಡಗಿದ, ಗಟ್ಟಿಯಾಗಿ ಓದಲೂ ತೊಡಗಿದ. ಕಲಿಸದ ನಂಟನ್ನು ಮನಸ್ಸು ತಾನೇ ಬೆಸೆದಿತ್ತು.

ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ಇದೇ ಜಾಡಿನಲ್ಲಿ ಮುಂದುವರಿದರು. ಸ್ವತಃ ಹೇಯ್ಸ್ ಅವರೇ 1978ರಿಂದ ತೀವ್ರ ಆತಂಕದ ಆಘಾತಗಳಿಂದ ಬಳಲಿದ್ದರು. ಹುಡುಗನಿಗೆ ಓದು ಕೊಟ್ಟ ಸಾಮರ್ಥ್ಯವೇ ನಮ್ಮ ನೋವಿಗೂ ಮೂಲ ಎಂಬುದು ಅವರ ನಿಲುವು. ಒಂದು ಪರೀಕ್ಷೆಯಲ್ಲಿ ಫೇಲಾದ ವಿದ್ಯಾರ್ಥಿ ‘ನಾನೇ ಫೇಲ್’, ಕೊನೆಗೆ ‘ಬದುಕೇ ಫೇಲ್’ ಎಂದುಕೊಳ್ಳುತ್ತಾನೆ. ಇದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಬೆಸೆದುಕೊಂಡ ಈ ನಂಟನ್ನು ಅಳಿಸಲಾಗದು, ಅದರ ಹಿಡಿತವನ್ನು ಮಾತ್ರ ಸಡಿಲಿಸಬಹುದು. 1999ರಲ್ಲಿ ‘ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ’ ಎಂಬ ಚಿಕಿತ್ಸೆಯ ಕುರಿತು, 2001ರಲ್ಲಿ ಅದರ ಹಿಂದಿನ ಭಾಷಾ ಸಿದ್ಧಾಂತದ ಕುರಿತು ಅವರ ಗ್ರಂಥಗಳು ಹೊರಬಂದವು.

ಈ ಚಿಕಿತ್ಸೆಯ ಒಂದು ಅಭ್ಯಾಸ ಬಹಳ ಸರಳ. ಚುಚ್ಚುವ ಪದವನ್ನು ಅರ್ಧ ನಿಮಿಷ ವೇಗವಾಗಿ, ಮತ್ತೆ ಮತ್ತೆ ಗಟ್ಟಿಯಾಗಿ ಹೇಳಬೇಕು. ಅರ್ಥ ಜಾರಿ ಬರೀ ಸದ್ದು ಉಳಿಯುತ್ತದೆ. ಇದನ್ನು 20ನೇ ಶತಮಾನದ ಆರಂಭದಲ್ಲೇ ಟಿಚ್ನರ್ ಎಂಬ ಮನಶ್ಶಾಸ್ತ್ರಜ್ಞ ಗಮನಿಸಿದ್ದರು. ಇದರಿಂದ ಪದದ ಚುಚ್ಚು ತಗ್ಗುತ್ತದೆಂದು 2004ರ ಒಂದು ಸಣ್ಣ ಅಧ್ಯಯನ ತೋರಿಸಿತು.

ಈ ಜ್ಞಾನ ಚಿಕಿತ್ಸಾ ಕೊಠಡಿಯಲ್ಲೇ ಉಳಿಯಲಿಲ್ಲ. ಇದೇ ಚಿಕಿತ್ಸೆಯನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ ಐದು ವಾರಗಳ ತರಬೇತಿಯೊಂದನ್ನು ರೂಪಿಸಿತು. ಯುದ್ಧದಿಂದ ಓಡಿಬಂದು ಉಗಾಂಡದಲ್ಲಿ ನೆಲೆಸಿದ್ದ ದಕ್ಷಿಣ ಸುಡಾನಿನ ಸುಮಾರು 700 ಮಹಿಳೆಯರ ನಡುವೆ ಅದರ ಪರೀಕ್ಷೆ ನಡೆಯಿತು. ಕಲಿಸಿದವರು ವೈದ್ಯರಲ್ಲ, ಅಲ್ಪ ತರಬೇತಿ ಪಡೆದ ಸಾಮಾನ್ಯರು. ಧ್ವನಿಮುದ್ರಿತ ಪಾಠ ಮತ್ತು ಚಿತ್ರಪುಸ್ತಕವೇ ಅವರ ಸಾಧನ. ತರಬೇತಿ ಪಡೆದವರ ಮನೋವೇದನೆ ತಗ್ಗಿತೆಂದು 2020ರಲ್ಲಿ ಪ್ರಕಟವಾದ ವರದಿ ಹೇಳಿತು. ಮೂರು ತಿಂಗಳ ಬಳಿಕ ಆ ಪರಿಣಾಮ ಕುಗ್ಗಿತ್ತು, ಆದರೆ ಪೂರ್ತಿ ಅಳಿದಿರಲಿಲ್ಲ.

ಇದು ಸರ್ವರೋಗಕ್ಕೂ ಮದ್ದಲ್ಲ. ಇತರ ಪ್ರಮುಖ ಮನೋಚಿಕಿತ್ಸೆಗಳಿಗಿಂತ ಇದು ಮೇಲೆಂಬುದು ಸಾಬೀತಾಗಿಲ್ಲ. ಆದರೂ ಈ ಇತಿಹಾಸ ನಮಗೊಂದು ಎಚ್ಚರಿಕೆ ನೀಡುತ್ತದೆ. ಆಡಿದ ಮಾತನ್ನು ಕೇಳಿದವರ ಮನಸ್ಸಿನಿಂದ ವಿಜ್ಞಾನವೂ ಅಳಿಸಲಾರದು. ಮಗುವಿಗೆ ‘ದಡ್ಡ’ ಎನ್ನುವ ಮೊದಲು ಹೆತ್ತವರೂ ಶಿಕ್ಷಕರೂ ಇದನ್ನು ನೆನಪಿಸಿಕೊಂಡರೆ ಎಷ್ಟೋ ಗಾಯಗಳು ಆಗದೇ ಉಳಿದಾವು.