ನಮ್ಮ ಡಿಗ್ರಿ ಸರ್ಟಿಫಿಕೇಟ್ ಮೇಲೆ ಸಹಿ ಹಾಕೋರನ್ನ ಆರಿಸೋದು ಯಾರು?

ಭಾಗ 1/4 👇

ಹೋದ ವಾರ ಕ್ಲಾಸ್ ಮುಗಿಸಿ ಕೋಲಾರ ಬಸ್ ಸ್ಟ್ಯಾಂಡಲ್ಲಿ ನಿಂತಿದ್ವಿ. ಮಾಲೂರಿನವನು ಒಬ್ಬ, ಮುಳಬಾಗಿಲಿನವಳು ಒಬ್ಬಳು, ಶ್ರೀನಿವಾಸಪುರದವರು ಇಬ್ಬರು, ಜೊತೆಗೆ ನಾನು. ಸುಮ್ನೆ ಕೇಳ್ದೆ: ಯೂನಿವರ್ಸಿಟಿ ಕುಲಪತಿ, ಅಂದ್ರೆ ವೈಸ್ ಚಾನ್ಸಲರ್, ಆಗೋದು ಹೇಗೆ?

"ಸೀನಿಯಾರಿಟಿ ಮೇಲೆ" ಅಂದ ಒಬ್ಬ. "ಎಕ್ಸಾಮ್ ಇರುತ್ತೆ" ಅಂದಳು ಇನ್ನೊಬ್ಬಳು. "ಎಲ್ಲಾ ದುಡ್ಡು ಗುರು" ಅಂದ ಮೂರನೆಯವನು. ನಿಜ ಹೇಳ್ಬೇಕಂದ್ರೆ ನನಗೂ ಗೊತ್ತಿರಲಿಲ್ಲ. ಮೂರು ವರ್ಷ ಫೀಸ್ ಕಟ್ಟಿ, ಎಕ್ಸಾಮ್ ಬರೆದು, ಕೊನೆಗೆ ಕೈಗೆ ಬರೋ ಸರ್ಟಿಫಿಕೇಟ್ ಮೇಲೆ ಅವರದೇ ಸಹಿ. ಅವರನ್ನ ಯಾರು ಕೂರಿಸ್ತಾರೆ ಅನ್ನೋದು ಮಾತ್ರ ನಮಗೆ ಗೊತ್ತಿಲ್ಲ.

ನಮಗೇನು ಅಂತೀರಾ? ನಮ್ಮ ದೊಡ್ಡಪ್ಪನ ಮಗಳು, ನನಗೆ ಅಕ್ಕ, ಬೇರೆ ಕಡೆ ಎಂ.ಕಾಂ ಮಾಡಿದ್ಲು. ಅಲ್ಲಿ ಕುಲಪತಿ ಅವಧಿ ಮುಗೀತು, ಹೊಸಬರು ಬರಲಿಲ್ಲ, ಪ್ರಭಾರದವರು ಕೂತರು. ಘಟಿಕೋತ್ಸವ ಮುಂದಕ್ಕೆ ಹೋಯ್ತು. ಅಕ್ಕ ಪ್ರೊವಿಷನಲ್ ಸರ್ಟಿಫಿಕೇಟನ್ನೇ ಲ್ಯಾಮಿನೇಟ್ ಮಾಡಿಸ್ಕೊಂಡು ಇಂಟರ್‌ವ್ಯೂಗಳಿಗೆ ಅಲೆದಳು. ಮೇಲೆ ಒಂದು ಕುರ್ಚಿ ಖಾಲಿ ಬಿದ್ರೆ ಕೆಳಗೆ ಯಾರ ಮನೆಗೆ ತಟ್ಟುತ್ತೆ ಅಂತ ಆಗ ಗೊತ್ತಾಯ್ತು.

ಅದಕ್ಕೇ ಕೂತು ಓದಿದೆ. ಬನ್ನಿ, ಮೊದಲಿಂದ ನೋಡೋಣ.

ಭಾಗ 2/4 👇 ರಾಜರ ಕಾಲ

1857ರಲ್ಲಿ ಬ್ರಿಟಿಷರು ಕಲ್ಕತ್ತಾ, ಬಾಂಬೆ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯ ಶುರು ಮಾಡಿದರು. ಮದ್ರಾಸಿನಲ್ಲಿ ಗವರ್ನರೇ ಕುಲಾಧಿಪತಿ, ಅಂದರೆ ಚಾನ್ಸಲರ್. ರಾಜ್ಯಪಾಲರು ಇವತ್ತಿಗೂ ನಮ್ಮ ವಿವಿಗಳ ಕುಲಾಧಿಪತಿ ಆಗಿರೋದರ ಬೇರು ಅಲ್ಲಿದೆ. ಆಗ ಮೈಸೂರು ಸಂಸ್ಥಾನದ ಕಾಲೇಜುಗಳೂ ಮದ್ರಾಸಿನ ಕೆಳಗೇ ಇದ್ದವು. ನಮ್ಮ ಕೋಲಾರದ ಹುಡುಗ ಬೆಂಗಳೂರಲ್ಲಿ ಓದಿದರೂ ಡಿಗ್ರಿ ಮದ್ರಾಸಿನದು.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕುಲಾಧಿಪತಿ. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಇವರೇ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಹೌದು. ಅವರ ನಂತರ ಕಲ್ಕತ್ತಾದಿಂದ ತತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಶೀಲ್ ಬಂದರು. 1956ರಲ್ಲಿ ಕುವೆಂಪು. ಮೈಸೂರು ವಿವಿಯಲ್ಲೇ ಓದಿ ಅಲ್ಲೇ ಕುಲಪತಿ ಆದವರಲ್ಲಿ ಅವರೇ ಮೊದಲಿಗರು.

ಹೆಸರುಗಳು ನೋಡಿದ್ರೆ ಖುಷಿ ಆಗುತ್ತೆ, ಅಲ್ವಾ? ಆದ್ರೆ ಒಂದು ಮಾತು. ಆರಿಸುವವರು ಒಳ್ಳೆಯವರಾಗಿದ್ರೆ ಒಳ್ಳೆಯವರು ಬರ್ತಾರೆ. ಅವರ ಮನಸ್ಸು ಬೇರೆ ಕಡೆ ತಿರುಗಿದ್ರೆ? ಯೂನಿವರ್ಸಿಟಿ ಕಥೆ ಅಲ್ಲದಿದ್ರೂ ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರನ್ನೇ ನೋಡಿ. ಮೈಸೂರು ಸರ್ಕಾರದಲ್ಲಿ ಅಷ್ಟು ವರ್ಷ ದುಡಿದವರು. ತಮಗೆ ಬರಬೇಕಾದ ಹುದ್ದೆ ಕಿರಿಯರಿಗೆ ಹೋಯ್ತು ಅಂತ 1943ರಲ್ಲಿ ರಾಜೀನಾಮೆ ಕೊಟ್ಟು ಬಂದರು. ಆರಿಸೋಕೆ ಬರೆದಿಟ್ಟ ನಿಯಮ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಭಾಗ 3/4 👇 ಕಾನೂನು ಬಂತು

1964ರಲ್ಲಿ ಬೆಂಗಳೂರು ವಿವಿ ಶುರುವಾಯ್ತು. 1970ರ ದಶಕದಲ್ಲಿ ಅದರ ಕುಲಪತಿ ಆಗಿದ್ದವರು ಡಾ. ಎಚ್. ನರಸಿಂಹಯ್ಯ, ನಮ್ಮ ಎಚ್ಚೆನ್. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಆಗ ಅದೂ ಕೋಲಾರ ಜಿಲ್ಲೆಯೇ. ಓದೋಕೆ ಅಂತ ಊರಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದ ಹುಡುಗ. ಮುಂದೆ ಅಮೆರಿಕದಲ್ಲಿ ಪಿಎಚ್.ಡಿ ಮಾಡಿ ಬಂದು ಕಾಲೇಜಿನ ಹಾಸ್ಟೆಲ್ ರೂಮಲ್ಲೇ ಬದುಕಿದವರು. ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷೆ ಮಾಡೋಕೆ ವಿವಿಯಿಂದಲೇ ಸಮಿತಿ ರಚಿಸಿ ಸತ್ಯ ಸಾಯಿಬಾಬಾ ಅವರಿಗೇ ಸವಾಲು ಹಾಕಿದರು. ಅಧಿಕಾರದಲ್ಲಿದ್ದ ದೊಡ್ಡ ದೊಡ್ಡವರು ಭಕ್ತರಾಗಿದ್ದ ಕಾಲ ಅದು! ಆ ಕುರ್ಚಿಲಿ ಯಾರಿಗೂ ಹೆದರದವರು ಕೂತ್ರೆ ಏನೆಲ್ಲಾ ಆಗಬಹುದು ನೋಡಿ.

ಈಗ ನಮಗೆ ಅನ್ವಯಿಸೋದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000. ಸೇವ್ ಮಾಡ್ಕೊಳ್ಳಿ:

✅ ಮೊದಲು ನಾಲ್ಕು ಜನರ ಶೋಧನಾ ಸಮಿತಿ. ಕುಲಾಧಿಪತಿಗಳ ಕಡೆಯಿಂದ ಒಬ್ಬರು, ಯುಜಿಸಿಯಿಂದ ಒಬ್ಬರು, ರಾಜ್ಯ ಸರ್ಕಾರದಿಂದ ಒಬ್ಬರು, ವಿವಿಯ ಸಿಂಡಿಕೇಟಿನಿಂದ ಒಬ್ಬರು.
✅ ಅವರು ಮೂರು ಹೆಸರು ಕೊಡಬೇಕು. ರ್‍ಯಾಂಕ್ ಇಲ್ಲ, ಅಕ್ಷರಮಾಲೆ ಕ್ರಮದಲ್ಲಿ.
✅ ಪಟ್ಟಿ ಸರ್ಕಾರದ ಮೂಲಕ ರಾಜ್ಯಪಾಲರಿಗೆ ಹೋಗುತ್ತೆ. ಅವರು ಅರ್ಹತೆ, ಸಮಾನತೆ, ಸಾಮಾಜಿಕ ನ್ಯಾಯ ನೋಡಿ, ಸರ್ಕಾರದ ಸಹಮತಿ ಪಡೆದು ಒಬ್ಬರನ್ನ ನೇಮಿಸಬೇಕು.
✅ ಅವಧಿ ನಾಲ್ಕು ವರ್ಷ.
✅ ಕುಲಸಚಿವ, ಮೌಲ್ಯಮಾಪನ ಕುಲಸಚಿವ, ಹಣಕಾಸು ಅಧಿಕಾರಿ: ಈ ಮೂವರನ್ನ ಸರ್ಕಾರವೇ ಕಳಿಸುತ್ತೆ. ಎಕ್ಸಾಮ್, ರಿಸಲ್ಟ್ ನೋಡ್ಕೊಳ್ಳೋದು ಮೌಲ್ಯಮಾಪನ ಕುಲಸಚಿವರು.

ಬಿಕಾಂನವರಿಗೆ ಇದು ಬೇಗ ಅರ್ಥ ಆಗುತ್ತೆ. ಒಂದೇ ಚೆಕ್ಕಿಗೆ ಇಬ್ಬರ ಸಹಿ ಬೇಕು ಅನ್ನೋ ತರ. ಒಬ್ಬರೇ ಡ್ರಾ ಮಾಡೋಕಾಗಲ್ಲ. ಇಬ್ಬರಿಗೂ ಜಗಳ ಬಂದ್ರೆ ಚೆಕ್ ಟೇಬಲ್ ಮೇಲೇ ಬಿದ್ದಿರುತ್ತೆ.

ಇದೇ ಕಾನೂನಿನ ಕೆಳಗೆ, ಬೆಂಗಳೂರು ವಿವಿಯನ್ನ ಮೂರು ಪಾಲು ಮಾಡಿದಾಗ, ನಮ್ಮ ಟಮಕದಲ್ಲಿ ಬೆಂಗಳೂರು ಉತ್ತರ ವಿವಿ 2017ರಲ್ಲಿ ಕೆಲಸ ಶುರು ಮಾಡ್ತು. ಮೊದಲ ಕುಲಪತಿ ಪ್ರೊ. ಟಿ.ಡಿ. ಕೆಂಪರಾಜು, ಆಮೇಲೆ ಪ್ರೊ. ನಿರಂಜನ ವಾನಳ್ಳಿ. ಒಂದು ಕಾಲದಲ್ಲಿ ಡಿಗ್ರಿಗೆ ಮದ್ರಾಸಿನ ಕಡೆ ನೋಡ್ತಿದ್ದ ಊರಿಗೆ ಈಗ ಸ್ವಂತ ಕುಲಪತಿ!

ಭಾಗ 4/4 👇 ಜಗ್ಗಾಟ

ಚೆಕ್ಕಿಗೆ ಒಂದೇ ಸಹಿ ಬಿದ್ರೆ ಏನಾಗುತ್ತೆ? ಬೆಂಗಳೂರು ವಿವಿಗೆ 2018ರಲ್ಲಿ ಒಂದು ನೇಮಕ ಆಯ್ತು. ಸರ್ಕಾರದ ಸಹಮತಿ ಇಲ್ಲದೆ ಆಗಿದೆ ಅಂತ 2019ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನ ರದ್ದು ಮಾಡ್ತು. ಮೇಲ್ಮನವಿ ತೀರ್ಮಾನ ಆಗುವಷ್ಟರಲ್ಲಿ 2022 ಬಂದಿತ್ತು, ನಾಲ್ಕು ವರ್ಷದ ಅವಧಿಯೇ ಮುಗಿಯೋಕೆ ಬಂದಿತ್ತು. ಅದೇ ವರ್ಷ ಕೇರಳದ ತಾಂತ್ರಿಕ ವಿವಿ ಕುಲಪತಿ ನೇಮಕವನ್ನ ಸುಪ್ರೀಂ ಕೋರ್ಟ್ ರದ್ದು ಮಾಡ್ತು. ಕಾರಣ, ಸಮಿತಿ ಒಂದೇ ಹೆಸರು ಕಳಿಸಿತ್ತು. ಒಂದೇ ಹೆಸರು ಇದ್ರೆ ಅದು ಆಯ್ಕೆ ಹೇಗಾಗುತ್ತೆ?

2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ಬಿಟ್ಟಿತು. ಅದರಲ್ಲಿ ಸಮಿತಿ ಮೂರೇ ಜನ: ಕುಲಾಧಿಪತಿಗಳ ಕಡೆಯವರು, ಯುಜಿಸಿಯವರು, ವಿವಿಯವರು. ರಾಜ್ಯ ಸರ್ಕಾರಕ್ಕೆ ಜಾಗವೇ ಇಲ್ಲ. ಪ್ರೊಫೆಸರ್ ಅಲ್ಲದೆ ಉದ್ಯಮ, ಸರ್ಕಾರಿ ಆಡಳಿತದಲ್ಲಿ ಅನುಭವ ಇದ್ದವರೂ ಕುಲಪತಿ ಆಗಬಹುದು. ಕರ್ನಾಟಕ ವಿರೋಧಿಸಿತು. ಫೆಬ್ರವರಿಯಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಬೆಂಗಳೂರಲ್ಲೇ ಸಭೆ ಸೇರಿದರು. ನಮ್ಮ ಉನ್ನತ ಶಿಕ್ಷಣ ಸಚಿವ ಡಾ. ಎಂ.ಸಿ. ಸುಧಾಕರ್ ಪಕ್ಕದ ಚಿಂತಾಮಣಿಯವರೇ. ಅದಕ್ಕೂ ಮೊದಲು, 2024ರ ಡಿಸೆಂಬರಲ್ಲಿ, ಗದಗದ ಗ್ರಾಮೀಣಾಭಿವೃದ್ಧಿ ವಿವಿಗೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿ ಆಗಲಿ ಅಂತ ನಮ್ಮ ವಿಧಾನಮಂಡಲ ಮಸೂದೆ ಪಾಸ್ ಮಾಡಿತ್ತು.

ಇಲ್ಲಿವರೆಗಿನ ಕಥೆ ಪೂರ್ತಿ ಇನ್ನೊಂದ್ಸಲ ನೋಡಿ. ಗವರ್ನರ್, ಮಹಾರಾಜ, ರಾಜ್ಯಪಾಲ, ಮುಖ್ಯಮಂತ್ರಿ, ಯುಜಿಸಿ. 1857ರಿಂದ ಜಗಳ ಇರೋದು ಪೆನ್ನು ಯಾರ ಕೈಲಿರಬೇಕು ಅಂತ. ಆರಿಸಿದ್ದು ಯಾಕೆ ಅಂತ ಓದೋ ಮಕ್ಕಳಿಗೆ ಹೇಳಬೇಕು ಅನ್ನೋ ಮಾತು ಎಲ್ಲೂ ಜೋರಾಗಿ ಕೇಳಲ್ಲ. ವಿವಿಯ ಕಡೆಯಿಂದ ಇರೋದು ಸಿಂಡಿಕೇಟಿನ ಒಂದೇ ಸೀಟು. ಆ ಸಿಂಡಿಕೇಟಲ್ಲೂ ಸರ್ಕಾರ ನಾಮಕರಣ ಮಾಡಿದವರಿರ್ತಾರೆ.

ನಮ್ಮ ಆವಣಿ ಜಾತ್ರೆ ಕಡೆ ಎತ್ತಿನ ವ್ಯಾಪಾರ ಗೊತ್ತಲ್ಲ? ಟವೆಲ್ ಕೆಳಗೆ ಬೆರಳು ಹಿಡಿದು ರೇಟ್ ಮಾತಾಡ್ತಾರೆ, ಪಕ್ಕದವನಿಗೂ ಗೊತ್ತಾಗಲ್ಲ. ಎತ್ತಿಗೆ ಅದು ಸರಿ, ಅದು ಅವರ ಸ್ವಂತ ದುಡ್ಡು. ಕುಲಪತಿ ಆಯ್ಕೆ ಟವೆಲ್ ಕೆಳಗೆ ನಡೆಯೋ ವ್ಯಾಪಾರ ಆಗಬಾರದು. ಮೂರು ಹೆಸರು, ಅವರ ಕೆಲಸ, ಒಬ್ಬರನ್ನ ಆರಿಸಿದ ಕಾರಣ, ಇಷ್ಟು ಬಯಲಾದ್ರೆ ಸಾಕು. "ಎಲ್ಲಾ ದುಡ್ಡು ಗುರು" ಅನ್ನೋ ಮಾತಿಗೂ ಉತ್ತರ ಸಿಗುತ್ತೆ.

ನಾವೇನು ಮಾಡಬಹುದು? ಮುಂದಿನ ಸಲ ಶೋಧನಾ ಸಮಿತಿ ಅಂತ ಪೇಪರಲ್ಲಿ ಬಂದ್ರೆ ಸ್ಕ್ರೋಲ್ ಮಾಡದೆ ಓದಿ. ನಾಲ್ಕು ಜನ ಯಾರು ಅಂತ ನೋಡಿ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಒಂದು ಪ್ಲೇಟ್ ಮುಳಬಾಗಿಲು ದೋಸೆಗಿಂತ ಕಡಿಮೆ!

ಅಕ್ಕನಿಗೆ ಕೊನೆಗೂ ಸರ್ಟಿಫಿಕೇಟ್ ಬಂತು. ಕೆಳಗಿದ್ದ ಸಹಿ ತೋರಿಸಿ "ಇದು ಯಾರದೇ ಅಕ್ಕಾ?" ಅಂದೆ. ಅವಳಿಗೂ ಗೊತ್ತಿರಲಿಲ್ಲ. ನಮ್ಮ ಬ್ಯಾಚಿಗಾದ್ರೂ ಗೊತ್ತಿರಲಿ ಅಂತ ಇಷ್ಟು ಬರೆದೆ.

ನಿಮ್ಮ ಯೂನಿವರ್ಸಿಟಿ ಕುಲಪತಿ ಹೆಸರು ಗೂಗಲ್ ಮಾಡದೆ ಕಾಮೆಂಟಲ್ಲಿ ಹಾಕಿ ನೋಡೋಣ 😄

#ಕೋಲಾರ #ಮಾಲೂರು #ಮುಳಬಾಗಿಲು #ಶ್ರೀನಿವಾಸಪುರ #ಬಿಕಾಂ #ನಮ್ಮಇತಿಹಾಸ